ಗಡಿಯಲ್ಲಿ ಎಸೆದ ಕಲ್ಲು

ಗಡಿನಾಡಿನ ಕನ್ನಡ ಬಂಧುಗಳೇ,

೨೦೨೨ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲುಗಳು ಬಿದ್ದುವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ೨೦೨೫ರ ಫೆಬ್ರವರಿಯಲ್ಲಿ ಬೆಳಗಾವಿ ಸೀಮೆಯಲ್ಲಿ ಬಸ್ ಕಂಡಕ್ಟರರೊಬ್ಬರ ಮೇಲೆ ಹಲ್ಲೆಯಾದ ಮೇಲೆ ಅದೇ ಕಥೆ ಮರುಕಳಿಸಿ, ಎರಡು ರಾಜ್ಯಗಳ ನಡುವಣ ಬಸ್ ಸಂಚಾರವು ಕೆಲಕಾಲ ನಿಂತೇಹೋಯಿತು. ಕಲ್ಲೆಸೆದವನೂ ಮಸಿ ಬಳಿದವನೂ ಸಂಜೆಗೆ ತಮ್ಮ ಮನೆ ಸೇರಿಕೊಂಡರು. ಅಕ್ಕಲಕೋಟದಿಂದ ಕಲಬುರಗಿಯ ಆಸ್ಪತ್ರೆಗೆ, ಜತ್ತದಿಂದ ವಿಜಯಪುರದ ಪೇಟೆಗೆ ಹೊರಟವನ ಗತಿಯೇನು? ಅವನೂ ಕನ್ನಡಿಗನೇ. ಕನ್ನಡದ ಹೆಸರಿನಲ್ಲಿ ಎಸೆದ ಕಲ್ಲು ಮೊದಲು ತಗಲುವುದು ಗಡಿಯಾಚೆಯ ಕನ್ನಡಿಗನಿಗೆ. ದೂರದ ವೇದಿಕೆಗಳ ವೀರರು ಇದನ್ನು ಅರಿತಂತೆ ತೋರುವುದಿಲ್ಲ.

ಹಾಗೆಂದು ಅವಮಾನವನ್ನು ನುಂಗಿಕೊಂಡಿರಿ ಎನ್ನುವವರು ನಾವಲ್ಲ. ಮನೆಮಾತಿನ ಕಾರಣದಿಂದ ನಿಮ್ಮವರನ್ನು ಬಡಿದರೆ, ಜನರನ್ನು ನಿಮ್ಮ ಮೇಲೆ ಎತ್ತಿಕಟ್ಟಿದರೆ ಮೌನ ಸಲ್ಲದು. ಭಾಷೆಯ ಹೆಸರಿನಲ್ಲಿ ವೈರ ಬಿತ್ತುವುದು, ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೯೬ನೆಯ ಕಲಮಿನಂತೆ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ದೂರನ್ನು ಒಬ್ಬರೇ ಒಯ್ಯಬೇಡಿರಿ. ದಿನ, ಸ್ಥಳ, ಕಂಡವರ ಹೆಸರು ಇವನ್ನು ಅಂದೇ ಬರೆದಿಟ್ಟುಕೊಂಡು, ಊರಿನ ನಾಲ್ವರು ಹಿರಿಯರೊಡನೆ ಠಾಣೆಗೆ ಹೋಗಿರಿ. ಆ ನಾಲ್ವರಲ್ಲಿ ಇಬ್ಬರಾದರೂ ಮರಾಠಿ ಮಾತಿನವರಿರಲಿ. ಕನ್ನಡಿಗನ ದೂರಿಗೆ ಮರಾಠಿಗನೇ ಸಾಕ್ಷಿಯಾಗಿ ನಿಂತರೆ ಅದನ್ನು ಭಾಷಾಜಗಳವೆಂದು ತಳ್ಳಿಹಾಕುವುದು ಸುಲಭವಲ್ಲ.

ಅಂತಹ ನೆರೆಯವರು ಎಲ್ಲಿ ಸಿಗುವರೆಂದು ಕೇಳುವಿರಾ? ಸೊಲ್ಲಾಪುರವನ್ನು ನೋಡಿರಿ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ವಚನ ನುಡಿದ ಸಿದ್ಧರಾಮನೇ ಆ ಊರಿನ ದೈವ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಟಾಗ ಕನ್ನಡ, ಮರಾಠಿ, ತೆಲುಗು ಮಾತಿನವರು ಒಂದೇ ಬೀದಿಯಲ್ಲಿ ಕೈಮುಗಿದು ನಿಲ್ಲುತ್ತಾರೆ. ಈ ನೆರೆತನ ಜಾತ್ರೆಯ ದಿನಕ್ಕೆ ಮಾತ್ರ ಮೀಸಲಾಗಬೇಕೇಕೆ? ರಾಜ್ಯೋತ್ಸವಕ್ಕೆ ಅವರನ್ನು ಕರೆಯಿರಿ, ಅವರ ಶಿವಜಯಂತಿಗೆ ನೀವು ಹೋಗಿರಿ.

ಮೊಬೈಲಿನ ಕಾಟ ಬೇರೆ! ಎಂದೋ ಎಲ್ಲಿಯೋ ನಡೆದ ಹೊಡೆದಾಟದ ಚಿತ್ರವನ್ನು ಇಂದಿನದೆಂದು ಹಂಚುವವರಿದ್ದಾರೆ. ಆ ಊರಿನ ಪರಿಚಿತರೊಬ್ಬರನ್ನು ವಿಚಾರಿಸದೆ ಅದನ್ನು ಮುಂದಕ್ಕೆ ಕಳುಹಿಸಬೇಡಿರಿ.

ಇನ್ನು ಶಾಲೆಯ ಮಾತು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಅದನ್ನು ನಾವು ಧೈರ್ಯದಿಂದ ಕೇಳಬೇಕು. ಜೊತೆಗೆ ಮರಾಠಿಯನ್ನೂ ಚೆನ್ನಾಗಿ ಕಲಿಯಬೇಕು, ಅದು ಶರಣಾಗತಿಯಲ್ಲ. ಆದರೆ ಅಕ್ಕಲಕೋಟದ ಕನ್ನಡ ಮಗುವಿಗಾಗಿ ಕೇಳುವುದನ್ನು ನಿಪ್ಪಾಣಿಯ ಮರಾಠಿ ಮಗುವಿಗೆ ಕೊಡಬಾರದೆನ್ನುವುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಕರ್ನಾಟಕದೊಳಗಿನ ನಮ್ಮವರಿಗೆ ಹಾಕುವ ಅಧಿಕಾರ ನಿಮಗಿರುವಷ್ಟು ಮತ್ತಾರಿಗೂ ಇಲ್ಲ. ಮತ್ತೆ ಬಸ್ಸು ನಿಂತರೆ, ಕನ್ನಡಿಗರೂ ಮರಾಠಿಗರೂ ಸಹಿ ಹಾಕಿದ ಒಂದೇ ಮನವಿ, ಎರಡೂ ಭಾಷೆಗಳಲ್ಲಿ, ಗಡಿಯ ಎರಡೂ ಬದಿಯ ಜಿಲ್ಲಾಧಿಕಾರಿಗಳಿಗೆ ನಿಮ್ಮ ಊರಿನಿಂದ ಹೋಗಲಿ.