ವಿಶ್ವವಿದ್ಯಾನಿಲಯದ ಸರ್ವರಿನಲ್ಲಿ ನಮ್ಮದೊಂದು ಪುಟ

ಉನ್ನತ ವ್ಯಾಸಂಗಕ್ಕೆಂದು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಂದ ಮೈಸೂರು, ಬೆಂಗಳೂರುಗಳಿಗೆ ತೆರಳುವ ನಮ್ಮ ತರುಣ ತರುಣಿಯರು ಅಲ್ಲಿನ ಗ್ರಂಥಾಲಯವನ್ನೂ ಪ್ರಯೋಗಶಾಲೆಯನ್ನೂ ಹಕ್ಕಿನಿಂದ ಬಳಸುತ್ತಾರೆ. ಆದರೆ ಹಲವು ವಿದ್ಯಾಸಂಸ್ಥೆಗಳು ತಮ್ಮ ಸರ್ವರಿನಲ್ಲಿ ಅಧ್ಯಾಪಕರಿಗೂ ಸಂಶೋಧಕರಿಗೂ ಒದಗಿಸುವ ಸ್ವಂತ ಜಾಲಪುಟದ ಸ್ಥಳವನ್ನು ಕೇಳಿ ಪಡೆಯುವವರು ವಿರಳ. ಕೇಳಿ ಪಡೆಯಬೇಕು, ಪಡೆದು ಅದರಲ್ಲಿ ನಮ್ಮ ಸೀಮೆಯ ವಿಷಯವನ್ನು ಕನ್ನಡದಲ್ಲಿಯೇ ಬರೆಯಬೇಕು ಎಂಬುದು ನನ್ನ ಅಭಿಮತ.

ಜಾಲಪುಟವೆಂಬುದು ಹುಟ್ಟಿದ್ದೇ ವಿದ್ವಾಂಸರ ನಡುವೆ. ಜಿನೀವಾದ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1991ರಲ್ಲಿ ಅದನ್ನು ಲೋಕಕ್ಕೆ ತೆರೆದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾದರೋ 1986ರಲ್ಲಿ ಆರಂಭಗೊಂಡ ಅರ್ನೆಟ್ ಶೈಕ್ಷಣಿಕ ಜಾಲದಲ್ಲಿ ಮೊದಲಿನಿಂದಲೂ ಪಾಲುದಾರ. ಅಂತಹ ಸಂಸ್ಥೆಗಳ ಅಧ್ಯಾಪಕರ ಪುಟಗಳ ವಿಳಾಸದಲ್ಲಿ ಹೆಸರಿನ ಹಿಂದೆ ಅಲೆಯಂತಹ ಒಂದು ಗುರುತು ಕಾಣುವುದುಂಟು. ಟಿಲ್ಡೆ ಎಂಬ ಆ ಗುರುತಿನ ಅರ್ಥ, ಇದು ಇಂಥವರ ಸ್ವಂತ ಅಂಕಣ ಎಂದಷ್ಟೇ.

ಕೆಲಸ ಕಠಿಣವಲ್ಲ. ಸಂಸ್ಥೆಯ ಗಣಕ ಕೇಂದ್ರದಿಂದ ಖಾತೆ ಪಡೆದು, ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು, ಸಾರ್ವಜನಿಕ ಫೋಲ್ಡರಿಗೆ ಸೇರಿಸಿ, ಓದುವ ಅನುಮತಿಯನ್ನು ಎಲ್ಲರಿಗೂ, ತಿದ್ದುವ ಅನುಮತಿಯನ್ನು ತನಗೆ ಮಾತ್ರ ಇರಿಸಿಕೊಂಡರೆ ಮುಗಿಯಿತು. ಅಕ್ಷರಗಳು ಮಾತ್ರ ಯೂನಿಕೋಡ್‌ನಲ್ಲಿಯೇ ಇರತಕ್ಕದ್ದು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕನ್ನಡ, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೋರುತ್ತದೆ, ಹುಡುಕಿದವರಿಗೂ ಸಿಗುವುದಿಲ್ಲ. (ಬಣ್ಣ, ಚಲಿಸುವ ಚಿತ್ರ, ಹಿನ್ನೆಲೆ ಸಂಗೀತಗಳ ವ್ಯಾಮೋಹವನ್ನು ತೊರೆದಷ್ಟೂ ಒಳ್ಳೆಯದು.)

ಬರೆಯಲು ಏನಿದೆ ಎನ್ನುವವರು ತಮ್ಮ ಊರನ್ನು ಒಮ್ಮೆ ಕಣ್ತೆರೆದು ನೋಡಲಿ. ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ನೆರೆಯ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಮೈಸೂರು ಸೀಮೆ. ಆದಕಾರಣ ಒಂದೇ ನಾಡಿನ ಚರಿತ್ರೆ ಎರಡು ಆಡಳಿತಗಳ ಕಡತಗಳಲ್ಲಿ ಹಂಚಿಹೋಗಿದೆ. ಅವನ್ನು ಒಂದೆಡೆ ಜೋಡಿಸಿ ತೋರಿಸುವ ಪುಟವೊಂದನ್ನು ಇತಿಹಾಸದ ವಿದ್ಯಾರ್ಥಿಯಲ್ಲದೆ ಮತ್ತಾರು ಮಾಡಿಯಾರು? ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಕೊಳ್ಳೇಗಾಲದಲ್ಲಿ ಹುಟ್ಟಿದವರು. ‘ಹದಿಬದೆಯ ಧರ್ಮ’ದ ಸಂಚಿ ಹೊನ್ನಮ್ಮ ಯಳಂದೂರಿನವಳು. ಇವರಿಗಾದರೂ ಮುದ್ರಿತ ಗ್ರಂಥಗಳಿವೆ. ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆ, ನೀಲಗಾರರ ಮಂಟೇಸ್ವಾಮಿ ಕಾವ್ಯ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡು ಇವು ಕಂಠದಲ್ಲಿ ಉಳಿದುಬಂದವು. ವಿದ್ವಾಂಸರು ಕೆಲವು ಪಾಠಗಳನ್ನು ಗ್ರಂಥಸ್ಥಗೊಳಿಸಿರುವುದು ನಿಜ. ಆದರೆ ಗಾಯಕನಿಂದ ಗಾಯಕನಿಗೆ ಪಾಠ ಬೇರೆಯಾಗುತ್ತದೆ. ಮುದುಕರೊಬ್ಬರು ತೀರಿಕೊಂಡರೆ ಅವರ ಪಾಠವೂ ತೀರಿತು. ಹಾಡುವವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲಿಯೇ ಅದನ್ನು ದಾಖಲಿಸುವುದು ವಿದ್ಯಾವಂತರಾದ ಮೊಮ್ಮಕ್ಕಳ ಕೈಯಲ್ಲಿದೆ.

ಉಚಿತ ತಾಣಗಳು ಬೇಕಾದಷ್ಟಿರುವಾಗ ವಿಶ್ವವಿದ್ಯಾನಿಲಯವೇ ಏಕೆಂದು ಕೇಳಬಹುದು. ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನ ಉಚಿತವಾಗಿ ಮನೆ ಕಟ್ಟಿಕೊಂಡಿದ್ದರು. ಒಡೆತನ ಹೊಂದಿದ್ದ ಯಾಹೂ ಕಂಪನಿಯು 2009ರಲ್ಲಿ ಅದನ್ನು ಮುಚ್ಚಿತು. ವ್ಯಾಪಾರಿಯ ಜಗುಲಿ ಎಷ್ಟಾದರೂ ವ್ಯಾಪಾರಿಯದೇ. ವಿಶ್ವವಿದ್ಯಾನಿಲಯಕ್ಕೆ ಜ್ಞಾನವನ್ನು ಕಾಯುವ ಹೊಣೆ ಹುಟ್ಟಿನಿಂದ ಬಂದದ್ದು. ಹೀಗಿದ್ದೂ ವಿದ್ಯಾರ್ಥಿ ಪದವಿ ಪಡೆದು ಹೊರಟನೆಂದರೆ, ಅಧ್ಯಾಪಕ ನಿವೃತ್ತನಾದನೆಂದರೆ, ಖಾತೆಯೊಡನೆ ಪುಟವನ್ನೂ ಅಳಿಸಿಬಿಡುವ ಪದ್ಧತಿ ಬಹಳ ಕಡೆ ಇದೆ. ಪ್ರೌಢಪ್ರಬಂಧವನ್ನು ಕಪಾಟಿನಲ್ಲಿ ಜೋಪಾನವಾಗಿ ಇಡುವ ಸಂಸ್ಥೆ ಪುಟವನ್ನು ಕಸವೆಂದು ಭಾವಿಸುವುದು ಸರಿಯಲ್ಲ. ಖಾತೆಯನ್ನು ಮುಚ್ಚಲಿ, ಬರಹವನ್ನು ಗ್ರಂಥಾಲಯದ ವಶಕ್ಕೆ ಕೊಡಲಿ. ಆ ನಿಯಮ ಬರುವ ತನಕ, ಪುಟ ರಚಿಸಿದವರು ಅದರ ಒಂದು ಪ್ರತಿಯನ್ನು ತಮ್ಮ ಬಳಿಯೂ, ಮತ್ತೊಂದನ್ನು ತಾವು ಓದಿದ ಊರ ಶಾಲೆಯ ಗಣಕಯಂತ್ರದಲ್ಲಿಯೂ ಇರಿಸತಕ್ಕದ್ದು.