ಕಾದಂಬರಿಯ ಅರಸನೂ ಚರಿತ್ರೆಯ ಅರಸನೂ

ಗವಿಪುರದಲ್ಲಿ ನೆಲೆಸಿದ್ದ ಮಾಸ್ತಿಯವರಿಗೆ ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕೊಡಗಿನ ಕೊನೆಯ ವೀರಶೈವ ಅರಸನ ಪತನವೇ ಅದರ ವಸ್ತು. ಜಯನಗರ, ಬನಶಂಕರಿಗಳ ಭಕ್ತರಲ್ಲಿ ಕೆಲವರು ಅದನ್ನೋದಿ ಅರಸನು ದುಷ್ಟನೆಂದೇ ನಂಬುತ್ತಾರೆ. ಕೆಲವರು ‘ಅವನು ನಮ್ಮವನು’ ಎಂದು ಗ್ರಂಥವನ್ನೇ ದೂಷಿಸುತ್ತಾರೆ. ಎರಡೂ ತಪ್ಪು. ಪಾತ್ರವು ಲೇಖಕರ ಸೃಷ್ಟಿ. ಚರಿತ್ರೆಗೆ ಸಾಕ್ಷ್ಯ ಬೇಕು. 1834ರಲ್ಲಿ ರಾಜ್ಯವನ್ನು ಕಸಿದುಕೊಂಡ ಕಂಪನಿಗೆ ಅರಸನನ್ನು ಕ್ರೂರಿಯೆನ್ನುವುದು ಅನುಕೂಲವೇ ಆಗಿತ್ತು. ಅದೇ ಅರಸನು 1852ರಲ್ಲಿ ಇಂಗ್ಲೆಂಡಿಗೆ ತೆರಳಿ, ತನ್ನ ಹಣಕ್ಕಾಗಿ ಕಂಪನಿಯ ಮೇಲೆಯೇ ವ್ಯಾಜ್ಯ ಹೂಡಿದನು. ಇದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ವಿಭೂತಿ ಧರಿಸಿದ ಮಾತ್ರಕ್ಕೆ ಪಾಪ ತೊಳೆಯದು. ಕಾದಂಬರಿ ಹೇಳಿದ ಮಾತ್ರಕ್ಕೆ ಅಪರಾಧ ಸಿದ್ಧವಾಗದು. ಕಾದಂಬರಿಯನ್ನೂ ಓದಿರಿ, ದಾಖಲೆಗಳನ್ನೂ ಓದಿರಿ. ಆಮೇಲೆ ತೀರ್ಪು ಕೊಡಿರಿ.