ಬಾಡಿಗೆ ಮನೆ ಮತ್ತು ನೀರಿನ ಜಾಡು

ಪ್ರತಿ ವರ್ಷ ಏಪ್ರಿಲ್ ಮುಗಿಯುತ್ತಿದ್ದಂತೆ ಮಲೆನಾಡಿನ ಹಳ್ಳಿಗಳಲ್ಲಿ ಒಂದೆರಡು ಮನೆಗಳಿಗಾದರೂ ಬೀಗ ಬೀಳುತ್ತದೆ. ಮಕ್ಕಳ ಶಾಲೆ, ಹಿರಿಯರ ಆಸ್ಪತ್ರೆ, ಎಲೆಚುಕ್ಕೆ ರೋಗಕ್ಕೆ ಸಿಕ್ಕಿ ಸೊರಗಿದ ಅಡಿಕೆ ತೋಟ, ನಗರದಲ್ಲಿ ನೌಕರಿ ಹಿಡಿದ ಮಗ ಅಥವಾ ಸೊಸೆ, ಹೀಗೆ ಕಾರಣಗಳು ಮನೆಯಿಂದ ಮನೆಗೆ ಬೇರೆ. ಹೋಗುವುದು ಸರಿಯೋ ತಪ್ಪೋ ಎಂಬ ಚರ್ಚೆ ಊರಿನ ಜಗುಲಿಗಳಲ್ಲಿ ಸಾಕಷ್ಟು ನಡೆದಿದೆ. ಹೋಗುವವರು ಹೋಗಿಯೇ ಹೋಗುತ್ತಾರೆ. ಚರ್ಚೆಯಾಗದೆ ಉಳಿದಿರುವುದು ಇನ್ನೊಂದು ಪ್ರಶ್ನೆ. ಹೋಗುವುದೇ ನಿಶ್ಚಯವಾದ ಮೇಲೆ, ನಗರದ ಯಾವ ಭಾಗದಲ್ಲಿ ಸಂಸಾರ ಹೂಡಬೇಕು? ಅದನ್ನು ಯಾರು ನಿರ್ಧರಿಸಬೇಕು, ಏನನ್ನು ನೋಡಿ ನಿರ್ಧರಿಸಬೇಕು?

ಮಲೆನಾಡಿನಲ್ಲಿ ಮನೆಯ ಜಾಗ ಆರಿಸುವುದು ಅವಸರದ ಕೆಲಸವಾಗಿರಲಿಲ್ಲ. ಹಿರಿಯರು ಒಂದು ಮಳೆಗಾಲವನ್ನಾದರೂ ಕಾದು ನೋಡುತ್ತಿದ್ದರು. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಧರೆ ಜರಿಯುವಂಥದ್ದು, ಬೇಸಿಗೆಯ ಕೊನೆಯಲ್ಲಿಯೂ ಯಾವ ಒರತೆ ಆರುವುದಿಲ್ಲ, ಅಬ್ಬಿಯ ನೀರು ದಂಬೆಯಲ್ಲಿ ತಾನಾಗಿ ಅಂಗಳಕ್ಕೆ ಹರಿದುಬರುವಷ್ಟು ಇಳಿಜಾರು ಇದೆಯೇ, ಇವೆಲ್ಲ ತಿಳಿದ ಮೇಲೆಯೇ ಪಾಯ ತೋಡುತ್ತಿದ್ದರು. ಗದ್ದೆ ತಗ್ಗಿಗೆ, ತೋಟ ಕಣಿವೆಗೆ, ಮನೆ ಅವೆರಡಕ್ಕಿಂತ ಮೇಲಿನ ದಿಬ್ಬಕ್ಕೆ ಎಂಬುದು ಯಾವ ಪುಸ್ತಕದಲ್ಲಿಯೂ ಬರೆಯದೆ ನಡೆದುಬಂದ ಕ್ರಮ. ಅದೇ ಮನೆತನದ ಮೊಮ್ಮಗ ಇಂದು ಮೊಬೈಲಿನಲ್ಲಿ ನಾಲ್ಕು ಚಿತ್ರ ನೋಡಿ, ಭಾನುವಾರದ ಒಂದು ಮಧ್ಯಾಹ್ನ ಹೋಗಿ ಬಂದು, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಬರುತ್ತಾನೆ. ಅಜ್ಜನಿಗಿದ್ದ ವಿದ್ಯೆ ಮೊಮ್ಮಗನಿಗೆ ಇಲ್ಲವೆಂದಲ್ಲ. ನಗರದಲ್ಲಿ ಅದು ಬೇಕಾಗದೆಂದು ಅವನು ಭಾವಿಸಿದ್ದಾನೆ, ಅಷ್ಟೆ. ಇದು ದೊಡ್ಡ ತಪ್ಪು ಎಣಿಕೆ.

ಬೆಂಗಳೂರನ್ನೇ ತೆಗೆದುಕೊಳ್ಳಬಹುದು, ಮಲೆನಾಡಿನಿಂದ ಹೊರಟ ಬಸ್ಸುಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಟ್ಟುತ್ತವೆ. ಘಟ್ಟದ ಮೇಲಿನ ಶಿರಸಿ, ಸಾಗರಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ, ಬಯಲುಸೀಮೆಯದೆಂದು ಕರೆಸಿಕೊಳ್ಳುವ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದೂ ಒಂದು ಬೆನ್ನುಗುಡ್ಡದ ಮೇಲಿನ ಊರೇ. ಆ ಬೆನ್ನಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಹೆಬ್ಬಾಳ ಕಣಿವೆ ಹಾಗೂ ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರಿದರೆ, ಇನ್ನೊಂದು ಮಗ್ಗುಲಿನದು ವೃಷಭಾವತಿಯ ಕಣಿವೆಯಲ್ಲಿ ಹರಿದು ಅರ್ಕಾವತಿಯನ್ನು, ಮುಂದೆ ಕಾವೇರಿಯನ್ನು ಸೇರುತ್ತದೆ. ದೊಡ್ಡ ಹೊಳೆಯಿಲ್ಲದ ಈ ನೆಲದಲ್ಲಿ ಹಿಂದಿನವರು ಕಣಿವೆಯುದ್ದಕ್ಕೂ ಕೆರೆಗಳ ಸಾಲು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಮುಂದಿನದಕ್ಕೆ. ಕೆರೆಯಿಂದ ಕೆರೆಗೆ ನೀರೊಯ್ಯುವ ದಾರಿಗೆ ರಾಜಕಾಲುವೆ ಎಂಬ ಗೌರವದ ಹೆಸರು. ಮಲೆನಾಡಿನವರ ಕಣ್ಣಿಗೆ ಅದು ಹಳ್ಳ.

ಆ ಕೆರೆಗಳಿಗೆ ಏನಾಯಿತೆಂಬುದು ಅನೇಕರಿಗೆ ತಿಳಿದ ಕಥೆ. ಊರಿನಿಂದ ಬರುವ ಬಸ್ಸು ನಿಲ್ಲುವ ಮೆಜೆಸ್ಟಿಕ್ ನಿಲ್ದಾಣ ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ರಾಷ್ಟ್ರೀಯ ಕ್ರೀಡಾಗ್ರಾಮದ ವಸತಿ ಸಮುಚ್ಚಯ ಎದ್ದದ್ದು ಕೋರಮಂಗಲದ ಕೆರೆಯೊಂದರ ಮೇಲೆ. ಸರ್ಕಾರವೇ ಹಾಕಿಕೊಟ್ಟ ಈ ಮೇಲ್ಪಂಕ್ತಿಯನ್ನು ಖಾಸಗಿ ಬಡಾವಣೆಗಳು ಅನುಸರಿಸದೆ ಬಿಟ್ಟಾವೇ? 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಆ ಹಳ್ಳಿಗಳ ಗದ್ದೆಬಯಲು, ಕೆರೆಯ ಹಿನ್ನೀರಿನ ಜಾಗಗಳೇ ಇಂದಿನ ಹಲವು ಹೊಸ ಬಡಾವಣೆಗಳು. ಹೊಸದಾಗಿ ಬರುವವರಿಗೆ ಸುಲಭವಾಗಿ ಮನೆ ಸಿಗುವುದೂ ಅಲ್ಲಿಯೇ.

2022ರ ಸೆಪ್ಟೆಂಬರ್ 4ರ ರಾತ್ರಿ ಆ ಭಾಗದಲ್ಲಿ ನಡೆದುದನ್ನು ನೆನಪಿಸಿಕೊಳ್ಳುವುದು ಉಚಿತ. ನಗರದಲ್ಲಿ ದಾಖಲಾದ ಮಳೆ ಸುಮಾರು 130 ಮಿ.ಮೀ. ಆಗುಂಬೆಯವರು ಇದನ್ನು ಜುಲೈ ತಿಂಗಳ ಒಂದು ಸಾಮಾನ್ಯ ದಿನವೆಂದು ಕರೆದಾರು. ಬೆಂಗಳೂರಿನ ಪೂರ್ವ ಭಾಗದಲ್ಲಿ ಮಾತ್ರ ಅಷ್ಟು ಮಳೆಗೆ ಕೆರೆಗಳು ಕೋಡಿ ಬಿದ್ದು, ಬೆಳ್ಳಂದೂರು, ಯಮಲೂರಿನ ಸುತ್ತಲಿನ ಬಡಾವಣೆಗಳಲ್ಲಿ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಕೋಟಿಗಟ್ಟಲೆ ಬೆಲೆಯ ಮನೆಗಳೂ ಅದರಲ್ಲಿದ್ದವು. ಹಣವಿದ್ದವರು ಮೋಸಹೋಗುವುದಿಲ್ಲ ಎಂಬ ನಂಬಿಕೆ ಅಂದು ನೀರಿನಲ್ಲಿ ಕೊಚ್ಚಿಹೋಯಿತು. ಯಲಹಂಕದ ದೊಡ್ಡ ವಸತಿ ಸಮುಚ್ಚಯವೊಂದರಲ್ಲಿ 2021ರ ನವೆಂಬರಿನಲ್ಲಿ ನೀರು ನಿಂತಿತು. 2024ರ ಅಕ್ಟೋಬರಿನಲ್ಲಿ ಮತ್ತೆ ನಿಂತಿತು. ನೀರು ಒಮ್ಮೆ ಬಂದ ದಾರಿಯನ್ನು ಮರೆಯುವುದಿಲ್ಲವೆಂಬುದು ಹೊಳೆಯಂಚಿನಲ್ಲಿ ತೋಟ ಮಾಡಿದವರಿಗೆಲ್ಲ ಗೊತ್ತು.

ಕಾನೂನು ಇಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದೆ. ಆದರೆ ಅದರ ಅಳತೆಗೋಲು ಹಿಗ್ಗುತ್ತ ಕುಗ್ಗುತ್ತ ಬಂದಿದೆ. ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಬಳಿಕ ಮಹಾಯೋಜನೆಯ 30 ಮೀಟರಿಗೇ ಮರಳಬೇಕಾಯಿತು. ಕಡತದಲ್ಲಿ 75 ಮೀಟರ್ 30 ಆದೊಡನೆ ಕೆರೆಯ ಕೋಡಿ ಹಿಂದೆ ಸರಿಯುವುದಿಲ್ಲ. ಮನೆ ಹುಡುಕುವ ಸಂಸಾರ ನಂಬಬೇಕಾದದ್ದು ತನ್ನ ಕಣ್ಣನ್ನು.

ಕಣ್ಣಿಗೆ ಕಾಣುವ ಗುರುತುಗಳು ಬೇಕಾದಷ್ಟಿವೆ. ಬೀದಿಯ ಮನೆಗಳೆಲ್ಲ ಗೇಟಿನ ಒಳಗೆ ಮೊಳದೆತ್ತರದ ಸಿಮೆಂಟು ಕಟ್ಟೆ ಕಟ್ಟಿಕೊಂಡಿದ್ದರೆ ಅದು ಅಲಂಕಾರಕ್ಕಲ್ಲ. ಕಾಂಪೌಂಡ್ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಓಡಿದ ಕಂದು ಗೆರೆ, ನೆಲಮಾಳಿಗೆಯಲ್ಲಿ ಸದಾ ಸಿದ್ಧವಾಗಿ ನಿಂತ ಪಂಪು, ಅಂಗಡಿಯ ಕೆಳಗಿನ ಕಪಾಟು ಖಾಲಿಯಿರುವುದು, ಇವೆಲ್ಲ ಓದಲು ಬರುವವರಿಗೆ ಅಕ್ಷರಗಳೇ. ಊರಹೆಸರುಗಳೂ ಮಾತನಾಡುತ್ತವೆ. ಕೆರೆ, ಕುಂಟೆ, ಕಟ್ಟೆ ಎಂದು ಕೊನೆಗೊಳ್ಳುವ ಹೆಸರುಗಳ ಅರ್ಥ ಹೇಳಬೇಕಿಲ್ಲ. ಬೆಂಗಳೂರಿನ ಸುತ್ತ ಹೇರಳವಾಗಿರುವ ‘ಸಂದ್ರ’ಕ್ಕೆ ‘ಸಮುದ್ರ’ವೇ ಮೂಲವೆಂದು ಹೇಳುವುದುಂಟು, ದೊಡ್ಡ ಕೆರೆಗೆ ಸಮುದ್ರವೆನ್ನುವುದು ನಾಡಿನ ಹಳೆಯ ರೂಢಿ. ಅಂಥ ಹೆಸರಿನ ಊರೆಲ್ಲ ಮುಳುಗುತ್ತದೆಂದು ಇದರ ಅರ್ಥವಲ್ಲ. ಕೆರೆ ಎಲ್ಲಿತ್ತು, ಏರಿ ಯಾವ ಕಡೆಗಿತ್ತು, ಕೋಡಿ ಎತ್ತ ಹರಿಯುತ್ತಿತ್ತು ಎಂದು ಕೇಳಲು ಅದೊಂದು ನೆಪ. ಕಂದಾಯ ಇಲಾಖೆಯ ‘ದಿಶಾಂಕ್’ ಎಂಬ ಮೊಬೈಲ್ ತಂತ್ರಾಂಶದಲ್ಲಿ, ನಿಂತ ಜಾಗದ ಸರ್ವೆ ನಂಬರನ್ನೂ ಹಳೆಯ ಗ್ರಾಮನಕ್ಷೆಯನ್ನೂ ನೋಡಬಹುದು. ಕಾಲೇಜಿಗೆ ಹೋಗುವ ಮಗಳೊಬ್ಬಳು ಹತ್ತು ನಿಮಿಷದಲ್ಲಿ ಮಾಡಬಹುದಾದ ಈ ಕೆಲಸವನ್ನು ದಲ್ಲಾಳಿ ಎಂದೂ ಮಾಡಿಕೊಡುವುದಿಲ್ಲ.

ನೀರು ಹೆಚ್ಚಾಗುವುದು ಒಂದು ಭಯವಾದರೆ, ಇಲ್ಲದಿರುವುದು ಇನ್ನೊಂದು. ವಿಚಿತ್ರವೆಂದರೆ ಎರಡೂ ಹಲವು ಬಾರಿ ಒಂದೇ ಬೀದಿಯಲ್ಲಿ ವಾಸಿಸುತ್ತವೆ. ಬೆಂಗಳೂರಿನ ಕೊಳಾಯಿಗೆ ಬರುವ ಕಾವೇರಿ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಮೂರು ಹಂತಗಳಲ್ಲಿ ಪಂಪಾಗುತ್ತ, ಸುಮಾರು 500 ಮೀಟರ್ ಮೇಲೇರಿ ಬರಬೇಕು. 2007ರಲ್ಲಿ ಸೇರಿಕೊಂಡ 110 ಹಳ್ಳಿಗಳಿಗಾಗಿ ರೂಪಿಸಿದ ಐದನೆಯ ಹಂತದ ಯೋಜನೆ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಆ ಭಾಗದ ಜನ ಬದುಕಿದ್ದು ಹೆಚ್ಚಾಗಿ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನು ನೆಚ್ಚಿ. ಅದೇ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ‘ನೀರಿಗೆ ತೊಂದರೆಯಿಲ್ಲ’ ಎಂಬ ಮನೆಯೊಡೆಯರ ಮಾತನ್ನು ಆದ್ದರಿಂದ ಅರ್ಧಕ್ಕೇ ಕೇಳಿ ಏಳಬಾರದು. ಕಾವೇರಿ ಸಂಪರ್ಕವಿದೆಯೇ, ವಾರದಲ್ಲಿ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು, ಮಾರ್ಚಿನಲ್ಲಿ ಟ್ಯಾಂಕರಿಗೆ ಕೊಟ್ಟದ್ದೆಷ್ಟು, ಅದು ಬಾಡಿಗೆಯೊಳಗೋ ಹೊರಗೋ ಎಂಬಷ್ಟನ್ನಾದರೂ ಕೇಳಿ ತಿಳಿಯಬೇಕು. ಮನೆಯೊಡೆಯರಿಗಿಂತ ಬೀದಿಯ ಕೊನೆಯ ಹಾಲಿನ ಬೂತಿನವರು, ಇಸ್ತ್ರಿ ಗಾಡಿಯವರು ನಿಜ ಹೇಳುವ ಸಂಭವ ಹೆಚ್ಚು. ಅವರಿಗೆ ಮುಂಗಡ ಹಣದ ಹಂಗಿಲ್ಲ.

ಗಾಳಿಯ ವಾಸನೆಯನ್ನೂ ಅಲಕ್ಷಿಸುವಂತಿಲ್ಲ. ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯುಕ್ಕಿಸಿ ರಸ್ತೆಗೆ ಬಂದದ್ದು, 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಹೊತ್ತಿ ಉರಿದದ್ದು ದೇಶವೇ ನೋಡಿದ ದೃಶ್ಯ. ಕೆರೆಗೆ ಮುಖಮಾಡಿದ ಬಾಲ್ಕನಿಗೆ ಹೆಚ್ಚು ಬಾಡಿಗೆ ಕೊಡುವ ಮುನ್ನ ಒಂದು ಸಂಜೆ ಅಲ್ಲಿ ನಿಂತು ಉಸಿರೆಳೆದು ನೋಡುವುದು ಒಳಿತು.

ಇಷ್ಟಾದ ಮೇಲೆ ದೂರದ ಮಾತು. ಸಾಮಾನ್ಯವಾಗಿ ಕುಟುಂಬಗಳು ಮೊದಲು ನೋಡುವುದೇ ದುಡಿಯುವವನ ಕಚೇರಿಯ ದೂರವನ್ನು. ದುಡಿಯುವವನು ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾನೆ. ಬಡಾವಣೆಯಲ್ಲಿ ನಿಜವಾಗಿ ಬದುಕುವವರು ಮನೆಯಲ್ಲಿ ಉಳಿಯುವ ತಾಯಿ, ಮಕ್ಕಳು, ಊರಿನಿಂದ ಬಂದ ಅಜ್ಜ, ಅಜ್ಜಿ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ, ಹಳದಿ ಮಾರ್ಗ 2025ರ ಆಗಸ್ಟಿನಿಂದ ಬೊಮ್ಮಸಂದ್ರದವರೆಗೆ ಓಡುತ್ತಿರುವುದರಿಂದ, ದುಡಿಯುವವನಿಗೆ ಸ್ವಲ್ಪ ದೂರ ಹೋಗಿಬರುವ ದಾರಿಯಿದೆ. ಎಪ್ಪತ್ತು ದಾಟಿದ ಅಜ್ಜಿಗೆ ಕಾಲುದಾರಿಯಿಲ್ಲದ ರಸ್ತೆ ದಾಟುವ ದಾರಿ ಯಾವ ಮಾರ್ಗದಿಂದಲೂ ಬಂದಿಲ್ಲ. ನಡೆದು ಮುಟ್ಟುವಷ್ಟರಲ್ಲಿ ತರಕಾರಿ ಅಂಗಡಿ, ವೈದ್ಯರು, ಕುಳಿತುಕೊಳ್ಳಲು ಒಂದು ಮರದ ನೆರಳು, ಕನ್ನಡದಲ್ಲಿ ಮಾತನಾಡಿಸುವ ಒಬ್ಬರು, ಇವಿಲ್ಲದ ಹತ್ತನೆಯ ಮಹಡಿಯ ಮನೆಯಲ್ಲಿ ಅಂಗಳದಲ್ಲಿ ಓಡಾಡಿದ ಜೀವ ಎರಡೇ ತಿಂಗಳಲ್ಲಿ ಬಾಡುತ್ತದೆ. ಆಗ ಮಗ ‘ಅಮ್ಮನಿಗೆ ಊರಿನದೇ ಧ್ಯಾನ’ ಎಂದು ನೊಂದುಕೊಳ್ಳುತ್ತಾನೆ. ಮನೆ ನೋಡಲು ಹೋಗುವಾಗ ಅಮ್ಮನನ್ನು ಕರೆದೊಯ್ದವರು ಎಷ್ಟು ಮಂದಿ?

1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ, 1948ರಲ್ಲಿ ಆರಂಭವಾದ ಜಯನಗರದಲ್ಲಿ ಇವೆಲ್ಲ ಇಂದಿಗೂ ಬಹುಮಟ್ಟಿಗೆ ಸಿಗುತ್ತವೆ. ಗಾಳಿ, ಬೆಳಕು, ಮಾರುಕಟ್ಟೆ, ಉದ್ಯಾನಗಳನ್ನು ಮೊದಲೇ ಯೋಚಿಸಿ ಹಾಕಿದ ಬಡಾವಣೆಗಳವು. ಬಾಡಿಗೆ ಮಾತ್ರ ತೋಟದ ಒಂದು ವರ್ಷದ ಫಸಲನ್ನು ಕೇಳುತ್ತದೆ. ಹಾಗಾದರೂ ಎರಡು ಕೋಣೆಯ ಹಳೆಯ ಮನೆಯೊಂದು ಅಂಥಲ್ಲಿ ಸಿಕ್ಕರೆ, ಹೊರವಲಯದ ಮೂರು ಕೋಣೆಯ ಹೊಸ ಮನೆಗಿಂತ ಅದೇ ಮೇಲು. ಟ್ಯಾಂಕರ್, ಆಟೊ, ದಿನದ ಮೂರು ತಾಸಿನ ಪ್ರಯಾಣ, ಇವುಗಳ ಲೆಕ್ಕ ಹಾಕಿದವರಿಗೆ ವ್ಯತ್ಯಾಸ ಅಷ್ಟೇನೂ ಕಾಣದು.

ಆಯ್ಕೆಯೆಂಬುದು ಎಲ್ಲರಿಗೂ ಇದೆಯೆಂದು ಭಾವಿಸುವುದೂ ಅನ್ಯಾಯವಾದೀತು. ಮನೆ ತೋರಿಸುವ ಮೊದಲು ‘ಯಾವ ಜನ?’ ಎಂದು ಕೇಳುವ ಮನೆಯೊಡೆಯರು ಮಹಾನಗರದಲ್ಲಿ ಇನ್ನೂ ಇದ್ದಾರೆ. ಆ ಪ್ರಶ್ನೆ ಕೆಲವರಿಗೆ ಬಾಗಿಲು ತೆರೆಯುತ್ತದೆ. ದಲಿತರಿಗೆ, ಮುಸ್ಲಿಮರಿಗೆ ಮುಚ್ಚುತ್ತದೆ. ನಮ್ಮವರೇ ಇರುವ ಬೀದಿ ಬೇಕೆಂದು ಹುಡುಕುವ ಮಲೆನಾಡಿನ ಮೇಲುಜಾತಿಯ ಕುಟುಂಬಗಳು ಈ ಬಾಗಿಲಿನ ಬಗ್ಗೆ ಯೋಚಿಸಿದ್ದು ಕಡಿಮೆ. ಕಾಫಿ ತೋಟದ ಕೂಲಿ ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೋ ಕಾವಲುಗಾರಿಕೆಗೋ ಹೋದ ಕುಟುಂಬಗಳಿಗೆ ಸಿಗುವುದು ಅನೇಕ ವೇಳೆ ರಾಜಕಾಲುವೆಯ ಅಂಚಿನ ಒಂಟಿಕೋಣೆಯೇ, ಏಕೆಂದರೆ ಬಾಡಿಗೆ ಅಗ್ಗವಾಗಿರುವುದು ಅಲ್ಲಿಯೇ. ಅವರಿಗೆ ನೀರಿನ ಜಾಡು ಓದಲು ಬರುವುದಿಲ್ಲವೆಂದಲ್ಲ. ಓದಿಯೂ ಅಲ್ಲಿಯೇ ಇರಬೇಕಾಗಿದೆ. ಇವರ ಪ್ರಶ್ನೆಗೆ ಉತ್ತರ ಮನೆ ಹುಡುಕುವ ಜಾಣ್ಮೆಯಲ್ಲಿಲ್ಲ; 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳನ್ನು ಮಾಡಿದ ಸರ್ಕಾರ ಅದನ್ನು ಹೇಳಬೇಕು.

ಬೆಂಗಳೂರಲ್ಲದಿದ್ದರೆ ಬೇರೆ ಊರು ಎನ್ನುವವರಿಗೂ ನೋಡುವ ಕ್ರಮ ಇದೇ. 2019ರ ಆಗಸ್ಟಿನಲ್ಲಿ ತುಂಗೆಯ ನೆರೆ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿತ್ತು. ಅದೇ ವರ್ಷದ ಬೇಸಿಗೆಯಲ್ಲಿ, ನೇತ್ರಾವತಿಯ ದಂಡೆಯ ಮಂಗಳೂರಿನಲ್ಲಿ ನೀರಿಗೆ ಪಾಳಿ ಹಾಕಬೇಕಾಗಿತ್ತು.

ಇನ್ನೊಂದು ಮಾತು ಉಳಿದಿದೆ, ಸ್ವಲ್ಪ ಕಹಿಯಾದದ್ದು. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವದ ವಿರುದ್ಧ 2019ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. ಸಕಲೇಶಪುರದ ಎತ್ತಿನಹೊಳೆಯ ನೀರನ್ನು ಬಯಲುಸೀಮೆಯತ್ತ ಎತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಬೀದಿಗಿಳಿದು ಪ್ರತಿಭಟಿಸಿದ ಅನೇಕ ಮನೆಗಳ ಮಕ್ಕಳು ಆ ಹೊತ್ತಿಗಾಗಲೇ ಬೆಂಗಳೂರಿನ ಕೊಳಾಯಿ ತಿರುಗಿಸುತ್ತಿದ್ದರು. ಅದರಲ್ಲಿ ಅವರ ಅಪರಾಧವೇನೂ ಇಲ್ಲ. ಆದರೆ ಘಟ್ಟದಿಂದ ಹೋದವರು ಆರಿಸುವ ಮನೆ, ಘಟ್ಟದ ಹೊಳೆಯ ಮೇಲೆ ಎಷ್ಟು ಭಾರ ಹೊರಿಸುತ್ತದೆ ಎಂದು ಕೇಳುವ ಹಕ್ಕು ಊರಿನಲ್ಲಿ ಉಳಿದವರಿಗಿದೆ. 2009ರ ತಿದ್ದುಪಡಿಯಂತೆ ಬೆಂಗಳೂರಿನಲ್ಲಿ 60×40 ಅಡಿ ಮತ್ತು ಅದಕ್ಕೂ ಮೀರಿದ ನಿವೇಶನದ ಮನೆಗಳಿಗೆ, ಹೊಸದಾಗಿ ಕಟ್ಟುವುದಾದರೆ 30×40 ಅಡಿಯ ನಿವೇಶನಕ್ಕೂ, ಮಳೆನೀರು ಸಂಗ್ರಹ ಕಡ್ಡಾಯ. ಮುಂಗಡ ಕೊಡುವ ಮುನ್ನ ತಾರಸಿಗೆ ಹತ್ತಿ, ಅಲ್ಲಿಂದ ಇಳಿಯುವ ಕೊಳವೆ ಸಂಪಿಗೆ ಸೇರಿದೆಯೇ ಅಥವಾ ಬೀದಿಯ ಚರಂಡಿಯಲ್ಲಿ ಕೊನೆಗೊಂಡಿದೆಯೇ ಎಂದು ನೋಡುವುದು ಕಷ್ಟದ ಕೆಲಸವಲ್ಲ. ಮೇ ತಿಂಗಳ ಮೊದಲ ಗುಡುಗುಮಳೆ ಬರುವ ಸಂಜೆ ಹೋದರೆ ಅದೂ ತಿಳಿಯುತ್ತದೆ, ಬೀದಿಯಲ್ಲಿ ನೀರು ಎತ್ತ ಹರಿಯುತ್ತದೆಂಬುದೂ ತಿಳಿಯುತ್ತದೆ.